ಸೀಬ್‌ನಿಂದ ಸೂಟ್‌ಕೇಸ್‌ನಲ್ಲಿ ಬಂದ ಗಿಟಾರ್

2024ರ ಜೂನ್‌ನ ಒಂದು ಗುರುವಾರ ರಾತ್ರಿ ಮಗ ಮೊಬೈಲಿಗೆ ಒಂದು ಫೋಟೊ ಕಳಿಸಿದ. ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರ್. ಕೆಳಗೆ ಒಂದೇ ಸಾಲು: ‘ಅಪ್ಪ, ಅಲ್ಲಿ ಇದಕ್ಕೆ ಎಷ್ಟು?’

ಮರುದಿನ ವಿಚಾರಿಸಿದೆ. ಅದು ಫೆಂಡರ್ ಕಂಪನಿಯ ಪ್ಲೇಯರ್ ಸ್ಟ್ರಾಟೊಕಾಸ್ಟರ್. ಬೆಲೆ 300 ರಿಯಾಲ್ ದಾಟಿತ್ತು, ನಮ್ಮ ರೂಪಾಯಿಯಲ್ಲಿ 65 ಸಾವಿರದ ಹತ್ತಿರ. ಆಗ ನಾನು ಕೆಲಸ ಮಾಡುವ ಕಂಪನಿಯಲ್ಲಿ ಎರಡು ತಿಂಗಳ ಸಂಬಳ ಬಾಕಿ ಇತ್ತು. ಮನೆಯಲ್ಲಿ ಹೇಳಿರಲಿಲ್ಲ. ‘ನೋಡೋಣ’ ಎಂದು ಬರೆದೆ.

‘ನೋಡೋಣ ಅಂದ್ರೆ ಇಲ್ಲ ಅಂತ ತಾನೆ?’ ಎಂದು ಉತ್ತರ ಬಂತು. ಆಮೇಲೆ ಎರಡು ವಾರ ನಾನು ಫೋನ್ ಮಾಡಿದಾಗಲೆಲ್ಲ ಅವನಿಗೆ ಏನಾದರೊಂದು ಕೆಲಸವಿರುತ್ತಿತ್ತು.

ಅವನು ಏಳನೇ ತರಗತಿಯವರೆಗೆ ಇಲ್ಲೇ, ಸೀಬ್‌ನಲ್ಲೇ ಓದಿದವನು. 2020ರಲ್ಲಿ ಸಂಬಳ ಕಡಿತವಾದಾಗ ಬಾಡಿಗೆ, ಶಾಲೆಯ ಫೀಸು ಎಲ್ಲವನ್ನೂ ಲೆಕ್ಕ ಹಾಕಿ, 2021ರಲ್ಲಿ ಹೆಂಡತಿ ಮಕ್ಕಳನ್ನು ಉಡುಪಿಗೆ ಕಳಿಸಿದೆ. ಈಗ ಅವನು ಮೊದಲ ಪಿಯುಸಿ. ಗಲ್ಫ್‌ನಲ್ಲಿ ಒಂಟಿಯಾಗಿರುವ ಅಪ್ಪಂದಿರಿಗೆ ಮುಂದಿನದು ಗೊತ್ತೇ ಇದೆ. ದೂರ ಇರುವುದಕ್ಕೆ ಪರಿಹಾರವೆಂಬಂತೆ ವಸ್ತು ಕೊಡಿಸುತ್ತೇವೆ. ಕೊಡಿಸಲಾಗದ ತಿಂಗಳು ಮಾತು ಸಿಗುವುದಿಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿ ಆ ಕೆಂಪು ಗಿಟಾರನ್ನು ಕೊಂಡೇಬಿಡೋಣ ಎಂದು ನನಗೂ ಅನಿಸಿತ್ತು. ತಡೆದದ್ದು ವೃತ್ತಿಯ ಅಭ್ಯಾಸ. ಕೊಳ್ಳುವ ಮೊದಲು ಆ ವಸ್ತುವಿನ ಬಗ್ಗೆ ಓದೋಣ ಎಂದುಕೊಂಡೆ.

ಲೆಕ್ಕಿಗನ ಗಿಟಾರ್

ಓದುವಾಗ ಸಿಕ್ಕಿದ ಮೊದಲ ಸಂಗತಿಯೇ ನನ್ನನ್ನು ಕೂರಿಸಿಬಿಟ್ಟಿತು. ಸ್ಟ್ರಾಟೊಕಾಸ್ಟರ್ ಗಿಟಾರ್ ಹೊರತಂದ ಅಮೆರಿಕದ ಲಿಯೊ ಫೆಂಡರ್ (1909–1991) ಕಾಲೇಜಿನಲ್ಲಿ ಓದಿದ್ದು ಅಕೌಂಟೆನ್ಸಿ! ಲೆಕ್ಕ ಬರೆಯುವ ಕೆಲಸದಲ್ಲಿದ್ದವರು, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೆಲಸ ಕಳೆದುಕೊಂಡರು. 1938ರಲ್ಲಿ 600 ಡಾಲರ್ ಸಾಲ ಮಾಡಿ ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ಗಿಟಾರ್ ನುಡಿಸಲು ಅವರಿಗೆ ಕೊನೆಯವರೆಗೂ ಬರುತ್ತಿರಲಿಲ್ಲ.

ಆದರೆ ರಿಪೇರಿಯವನ ಕಣ್ಣು ಅವರಿಗಿತ್ತು. ಅದುವರೆಗೆ ಗಿಟಾರಿನ ಕತ್ತನ್ನು ಒಡಲಿಗೆ ಅಂಟು ಹಾಕಿ ಕೂಡಿಸುವುದು ವಾಡಿಕೆ. ಫೆಂಡರ್ ಅದನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದರು. ಕತ್ತು ಸೊಟ್ಟಗಾದರೆ ಬಿಚ್ಚಿ ಬೇರೆ ಹಾಕಿದರಾಯಿತು. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್‌ನಲ್ಲಿ ವೈರು, ಸ್ವಿಚ್ಚು, ಪಿಕಪ್ ಎಲ್ಲವೂ ಒಂದು ಪ್ಲಾಸ್ಟಿಕ್ ಹಲಗೆಯ ಮೇಲೆ ಕೂತಿರುತ್ತವೆ. ಸ್ಕ್ರೂ ತೆಗೆದರೆ ಇಡೀ ಹಲಗೆ ಕೈಗೆ ಬರುತ್ತದೆ. ಇದು ಬಿಡಿಬಿಡಿಯಾಗಿ ದುರಸ್ತಿ ಮಾಡಲೆಂದೇ ಕಟ್ಟಿದ ವಾದ್ಯ. ಹಾಗಿದ್ದರೆ ಹಳೆಯದನ್ನು ಕೊಂಡು ಸರಿಮಾಡಿಕೊಳ್ಳಲು ಹೆದರಿಕೆ ಏಕೆ?

ಅಲ್ ಖೌದ್‌ನ ಮಾಳಿಗೆ ಮನೆ

ಒಮಾನ್‌ನಲ್ಲಿ ಶಾಲೆಗೆ ಬೇಸಿಗೆ ರಜೆ ಸಿಗುವ ಹೊತ್ತು ಎಂದರೆ ಊರಿಗೆ ಶಾಶ್ವತವಾಗಿ ಹೊರಡುವ ಕುಟುಂಬಗಳು ಸಾಮಾನು ಮಾರುವ ಹೊತ್ತು. ಸೋಫಾ, ವಾಷಿಂಗ್ ಮೆಷಿನ್, ಸೈಕಲ್ ಜೊತೆಗೆ ಮಕ್ಕಳು ಆರು ತಿಂಗಳು ಕಲಿತು ಬಿಟ್ಟ ಕೀಬೋರ್ಡ್, ಗಿಟಾರ್‌ಗಳೂ ಇರುತ್ತವೆ. ಅಲ್ ಖೌದ್‌ನಲ್ಲಿ ಗೋವಾದ ಒಂದು ಕುಟುಂಬ ಹೊರಟಿತ್ತು. ಅವರ ಬಾಲ್ಕನಿಯ ಕಪಾಟಿನಲ್ಲಿ ಒಂದು ಸ್ಕ್ವಾಯರ್ ಅಫಿನಿಟಿ ಇತ್ತು. ಸ್ಕ್ವಾಯರ್ ಎಂಬುದು ಫೆಂಡರ್ ಕಂಪನಿಯದೇ ಅಗ್ಗದ ಹೆಸರು. ಆಕಾರ, ಜೋಡಣೆ ಎಲ್ಲವೂ ಸ್ಟ್ರಾಟೊಕಾಸ್ಟರ್‌ನದೇ. ತಯಾರಾಗುವುದು ಚೀನಾ, ಇಂಡೊನೇಷ್ಯಾಗಳಲ್ಲಿ.

ಅಂಗಡಿಯಲ್ಲಿ ಹೊಸದಕ್ಕೆ ನೂರು ರಿಯಾಲ್ ದಾಟುತ್ತದೆ. ಅವರು 40 ಕೇಳಿದರು, 30ಕ್ಕೆ ಮಾತಾಯಿತು. ಹೊಸ ಕಾರಿನ ಹಾಗೆಯೇ, ಗಿಟಾರೂ ಅಂಗಡಿಯ ಮೆಟ್ಟಿಲು ಇಳಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತದೆ. ಆ ಸವಕಳಿಯನ್ನು ಮೊದಲ ಮಾಲೀಕ ಹೊತ್ತಿರುತ್ತಾನೆ. ಎರಡನೆಯವನಿಗೆ ಅದೇ ಲಾಭ.

ಹಳೆಯದನ್ನು ಕೊಳ್ಳುವವರು ಐದು ವಿಷಯ ನೋಡಬೇಕು. ಬಂದೂಕಿಗೆ ಗುರಿ ಇಡುವಂತೆ ಗಿಟಾರಿನ ಕತ್ತಿನುದ್ದಕ್ಕೂ ಕಣ್ಣು ಹಾಯಿಸಿ, ತಿರುಚಿಕೊಂಡಿದ್ದರೆ ಬಿಟ್ಟುಬಿಡಿ. ಸ್ವಲ್ಪ ಬಾಗಿದ್ದರೆ ಸರಿಮಾಡಬಹುದು. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒತ್ತಿ ಮೀಟಿ, ಸ್ವರ ಸತ್ತ ಜಾಗ ತಿಳಿಯುತ್ತದೆ. ಫ್ರೆಟ್‌ಗಳ ಮೇಲೆ ಆಳವಾದ ಗುಳಿ ಬಿದ್ದಿದ್ದರೆ ಖರ್ಚು ದೊಡ್ಡದು. ಕತ್ತಿನೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿನ ತಲೆ ಸವೆದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕೊನೆಗೆ, ಕತ್ತು ಒಡಲು ಸೇರುವಲ್ಲಿ ಮತ್ತು ತಲೆಯ ಹಿಂಭಾಗದಲ್ಲಿ ಬಿರುಕಿದೆಯೇ ನೋಡಿ. ಕರಕರ ಸದ್ದು, ತುಕ್ಕು ಹಿಡಿದ ತಂತಿ, ಕೊಳೆ, ಗೀರು ಇವೆಲ್ಲ ಬೆಲೆ ಇಳಿಸಲು ಸಿಗುವ ಕಾರಣಗಳಷ್ಟೇ.

ಕೊಂಡ ಮೇಲೆ ಅದನ್ನು ಕಾರಿನಲ್ಲಿ ಬಿಟ್ಟು ಮೀನು ಮಾರ್ಕೆಟ್ಟಿಗೆ ಹೋಗಬೇಡಿ. ಜೂನ್‌ನ ಸೀಬ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮರ ಸೊಟ್ಟಗಾಗುತ್ತದೆ, ಅಂಟು ಮೆತ್ತಗಾಗುತ್ತದೆ.

ಮತ್ತಿ ಮರದ ಕತ್ತು

ಆ ರಾತ್ರಿ ಮಗನಿಗೆ ಗಿಟಾರಿನ ನಾಲ್ಕು ಫೋಟೊ ಕಳಿಸಿದೆ. ‘ನನಗೆ ಇದರ ತಲೆ ಬುಡ ಗೊತ್ತಿಲ್ಲ. ಏನೇನು ಹಾಳಾಗಿದೆ ಎಂದು ನೀನೇ ಹೇಳಬೇಕು’ ಎಂದು ಬರೆದೆ. ಹತ್ತು ನಿಮಿಷದಲ್ಲಿ ಅವನೇ ಫೋನ್ ಮಾಡಿದ. ಎರಡು ವಾರದ ಮೇಲೆ!

ಅಲ್ಲಿಂದ ಪ್ರತಿ ಶುಕ್ರವಾರ ನನ್ನ ಸಂಜೆ ಆರು, ಅವನ ಏಳೂವರೆಗೆ ವಿಡಿಯೊ ಕರೆ. ಅವನು ಹೇಳುವುದು, ನಾನು ಮಾಡುವುದು. ಮೊದಲ ದಿನ ಬೆರಳು ಸವರಿದಾಗ ಕತ್ತಿನ ಅಂಚಿನಲ್ಲಿ ಫ್ರೆಟ್‌ಗಳ ತುದಿ ಗರಗಸದಂತೆ ಚುಚ್ಚಿತು. ‘ಎಸಿಯ ಒಣ ಗಾಳಿಗೆ ಮರ ಕುಗ್ಗಿದೆ ಅಪ್ಪ, ಲೋಹ ಕುಗ್ಗಲ್ಲ, ಅದಕ್ಕೇ ಹೊರಗೆ ಬಂದಿದೆ’ ಎಂದ. ಸಣ್ಣ ಅರದಿಂದ ಒಂದೊಂದೇ ತುದಿ ಉಜ್ಜಿ ನಯಮಾಡಲು ಎರಡು ಶುಕ್ರವಾರ ಹಿಡಿಯಿತು.

ಬೆರಳಾಡಿಸುವ ಕಂದು ಪಟ್ಟಿ ಯಾವ ಮರದ್ದು ಎಂದು ಕೇಳಿದೆ. ‘ಇಂಡಿಯನ್ ಲಾರೆಲ್’ ಎಂದ. ಹುಡುಕಿ ನೋಡಿದರೆ ಅದು ನಮ್ಮ ಮತ್ತಿ ಮರ! ಘಟ್ಟದಲ್ಲಿ ಮೊಸಳೆಯ ಚರ್ಮದಂಥ ತೊಗಟೆ ಹೊತ್ತು ನಿಂತಿರುತ್ತದಲ್ಲ, ಅದೇ. ಮೊದಲು ಈ ಜಾಗದಲ್ಲಿ ಬೀಟೆಯಂಥ ಮರಗಳನ್ನು ಹಾಕುತ್ತಿದ್ದರು. ಪಶ್ಚಿಮ ಘಟ್ಟದ ಬೀಟೆ ಗಿಟಾರ್ ಜಗತ್ತಿನಲ್ಲಿ ಬಹಳ ಹೆಸರಾದದ್ದು. 2017ರ ಜನವರಿಯಿಂದ ಬೀಟೆಯ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದ್ದರಿಂದ, ಅಗ್ಗದ ಮಾದರಿಗಳಿಗೆ ಕಂಪನಿಗಳು ಬೇರೆ ಮರ ಹುಡುಕಿದವು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಮತ್ತಿ ಒಳಗೆ ಬಂದಾಗಿತ್ತು. ನಮ್ಮ ಕಡೆಯ ಮರವೊಂದು ಬೇರೆ ದೇಶದಲ್ಲಿ ಗಿಟಾರ್ ಆಗಿ, ಒಮಾನ್‌ನಲ್ಲಿ ನನ್ನ ಕೋಣೆಯ ಮೇಜಿನ ಮೇಲೆ ಬಿದ್ದಿತ್ತು. ಅದಕ್ಕೂ ನನ್ನ ಹಾಗೆ ವಲಸೆಯೇ.

ಗದಗದ ಗೆಳೆಯನ ಬೆಸುಗೆ

ವೈರಿಂಗ್ ಬಿಚ್ಚುವ ದಿನ ನನಗೆ ಕೈ ನಡುಗಿತು. ರುಸೈಲ್‌ನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಗದಗದ ಗೆಳೆಯರನ್ನು ಕರೆದೆ. ಅವರು ಹಲಗೆ ಎತ್ತಿ ನೋಡಿ ನಕ್ಕರು. ‘ಸರ, ಇದರಾಗ ಹೆದರೋದು ಏನೈತ್ರಿ? ಮನಿ ಸ್ವಿಚ್ ಬೋರ್ಡಿಗಿಂತ ಸರಳ ಐತಿ.’

ಅವರು ಹೇಳಿದ್ದು ನಿಜ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದು ಸ್ವಿಚ್ಚು ಮತ್ತು ವಾಲ್ಯೂಮ್ ಗುಂಡಿ ದಾಟಿ ಆಂಪ್ಲಿಫೈಯರ್‌ಗೆ ಹೋಗುತ್ತದೆ. ಅಷ್ಟೇ ವ್ಯವಹಾರ. ತೊಂದರೆ ಏನೆಂದರೆ, ಆ ಸುರುಳಿ ಗೋಡೆಯೊಳಗಿನ ಕರೆಂಟಿನ 50 ಹರ್ಟ್ಜ್ ಗುಂಯ್ ಎನ್ನುವ ಸದ್ದನ್ನೂ ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎಂಬ ಎಂಜಿನಿಯರ್ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಈ ಸದ್ದು ಪರಸ್ಪರ ಕಳೆದುಹೋಗುವ ‘ಹಂಬಕರ್’ ಮಾಡಿದರು. ನಮ್ಮದು ಒಂಟಿ ಸುರುಳಿಯದು. ಗೆಳೆಯರು ಒಳಗಿನ ಗುಳಿಗೆಲ್ಲ ತಾಮ್ರದ ಟೇಪು ಅಂಟಿಸಿ ಅದನ್ನು ಅರ್ಥ್‌ಗೆ ಕೂಡಿಸಿದರು. ಸದ್ದು ಪೂರ್ತಿ ಹೋಗಲಿಲ್ಲ, ಅರ್ಧಕ್ಕಿಂತ ಕಡಿಮೆಯಾಯಿತು.

ಕರಕರ ಎನ್ನುತ್ತಿದ್ದ ವಾಲ್ಯೂಮ್ ಗುಂಡಿಯನ್ನು ನಾನು ಬದಲಿಸಲು ಹೊರಟಿದ್ದೆ. ಅವರು ತಡೆದು, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೂವತ್ತು ಸಲ ತಿರುಗಿಸಲು ಹೇಳಿದರು. ಧೂಳು ಬಿಟ್ಟುಹೋಗಿ ಸರಿಯಾಯಿತು. ಸಡಿಲವಾಗಿದ್ದ ಸ್ವಿಚ್ಚು, ಜ್ಯಾಕ್ ಮಾತ್ರ ಹೊಸದು ಹಾಕಿದೆವು.

ಅವರು ಹೇಳಿದ ಇನ್ನೊಂದು ಮಾತು ಎಲ್ಲರಿಗೂ ಬೇಕಾದದ್ದು. ಗಿಟಾರಿನ ತಂತಿಗಳು ಅರ್ಥ್‌ಗೆ ಕೂಡಿರುತ್ತವೆ. ಆಂಪ್ಲಿಫೈಯರ್‌ಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ನುಡಿಸುವವನಿಗೆ ಶಾಕ್ ಹೊಡೆಯಬಹುದು. ಒಮಾನ್‌ನ ಪ್ಲಗ್ಗು ಬ್ರಿಟಿಷ್ ಮಾದರಿಯದು, ಊರಿನದು ಬೇರೆ. ಇಲ್ಲಿಂದ ತಂದ ಆಂಪ್ಲಿಫೈಯರನ್ನು ಎರಡು ಪಿನ್ನಿನ ಅಡಾಪ್ಟರ್‌ಗೆ ಸಿಕ್ಕಿಸಬೇಡಿ. ಮೂರು ಪಿನ್ನಿನ ಪ್ಲಗ್ಗು ಹಾಕಿಸಿ, ಮನೆಯ ಅರ್ಥಿಂಗ್ ಒಮ್ಮೆ ನೋಡಿಸಿ.

ಒಂದು ತಪ್ಪು, ಒಂದು ಪ್ರಶ್ನೆ

ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಬಿಳಿ ಪಟ್ಟಿಗೆ ನಟ್ ಎನ್ನುತ್ತಾರೆ. ಅಗ್ಗದ ಗಿಟಾರುಗಳಲ್ಲಿ ಅದರ ಗೀರುಗಳು ಆಳ ಸಾಲದೆ ತಂತಿ ಎತ್ತರ ನಿಲ್ಲುತ್ತದೆ. ಕಲಿಯುವವರ ಬೆರಳು ನೋಯುತ್ತದೆ. ಮಗ ‘ಸ್ವಲ್ಪ, ಸ್ವಲ್ಪವೇ’ ಎನ್ನುತ್ತಿದ್ದರೂ ನಾನು ಅರವನ್ನು ಒಂದೆಳೆ ಹೆಚ್ಚು ಎಳೆದೆ. ಮೊದಲ ತಂತಿ ಫ್ರೆಟ್‌ಗೆ ತಾಗಿ ಜೀರುಂಡೆಯಂತೆ ಕಿರ್‌ಗುಟ್ಟಿತು.

‘ಟ್ಯಾಲಿ ಆಗ್ಲಿಲ್ಲ ಅಲ್ವಾ ಅಪ್ಪ?’ ಎಂದು ನಕ್ಕ. ಅವನ ಸಲಹೆಯಂತೆ ಗೀರಿಗೆ ಅಡುಗೆ ಸೋಡಾ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಟ್ಟೆ. ಕಲ್ಲಿನಂತಾಯಿತು. ಮೂರು ವಾರ ನಡೆಯಿತು. ಆಮೇಲೆ ಹೊಸ ನಟ್ಟೇ ತಂದೆ. ನನ್ನ ತಪ್ಪಿನ ಬೆಲೆ ಎರಡೂವರೆ ರಿಯಾಲ್.

ನಾನು ಪ್ರತಿ ಖರ್ಚನ್ನೂ ಬೈಸಾ ಸಮೇತ ಬರೆದು ಅವನಿಗೆ ಓದಿ ಹೇಳುತ್ತಿದ್ದೆ. ಒಂದು ಶುಕ್ರವಾರ ಅವನು ಕೇಳಿದ: ‘ಅಪ್ಪ, ಐನೂರು ಬೈಸಾಕ್ಕೂ ಇಷ್ಟು ಯೋಚನೆ ಯಾಕೆ? ಸಂಬಳ ಬಂದಿದೆ ತಾನೆ?’

ಸುಳ್ಳು ಹೇಳಬಹುದಿತ್ತು. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಎದುರಿಗೆ ಬಿಚ್ಚಿದ ಗಿಟಾರಿತ್ತು. ‘ಇಲ್ಲ, ಮೂರನೇ ತಿಂಗಳು’ ಎಂದೆ. ಅವನು ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, ‘ಹಾಗಾದ್ರೆ ಪಿಕಪ್ ಬೇಡ. ಇರೋದೇ ಸಾಕು’ ಎಂದ. ಆಚೆಯಿಂದ ಅವನ ಅಮ್ಮ ಫೋನ್ ತೆಗೆದುಕೊಂಡಳು. ಅವಳಿಗೆ ಮೊದಲೇ ಅನುಮಾನವಿತ್ತಂತೆ. ಅಂದು ರಾತ್ರಿ ಮನೆಯ ಖರ್ಚು, ಉಳಿತಾಯ, ಸಾಲ ಎಲ್ಲವನ್ನೂ ಮೂವರೂ ಕೂತು ಮಾತಾಡಿದೆವು. ಊರಿನವರಿಗೆ ಚಿಂತೆ ಕೊಡಬಾರದೆಂದು ನಾವು ಮುಚ್ಚಿಡುತ್ತೇವೆ. ಮುಚ್ಚಿಟ್ಟದ್ದು ಅವರಿಗೆ ಬೇರೆ ಏನೋ ಆಗಿ ಕಾಣುತ್ತದೆ. ನನ್ನ ‘ನೋಡೋಣ’ ಅವನಿಗೆ ಅಸಡ್ಡೆಯಾಗಿ ಕಂಡಿತ್ತು.

ಅಷ್ಟಾದರೂ ಮರುವಾರ ಪಿಕಪ್ ಕೊಂಡೆ. ಮಬೇಲಾದಲ್ಲಿ ಒಬ್ಬರು ತಮ್ಮ ಗಿಟಾರಿನಿಂದ ತೆಗೆದಿಟ್ಟಿದ್ದದ್ದು, 12 ರಿಯಾಲ್. ಬೇಡ ಎಂದವನಿಗೆ ಕೊಡಿಸಬೇಕು ಅನ್ನಿಸಿತು.

ಲೆಕ್ಕ ಹೀಗಿದೆ

ಗಿಟಾರ್ 30.000
ತಂತಿ, ಎರಡು ಸೆಟ್ 6.000
ಕಾಂಟ್ಯಾಕ್ಟ್ ಕ್ಲೀನರ್ 1.800
ತಾಮ್ರದ ಟೇಪು 2.200
ಸ್ವಿಚ್ಚು, ಜ್ಯಾಕ್ 5.500
ನಟ್ 2.500
ಹಳೆಯ ಪಿಕಪ್ 12.000
ಒಟ್ಟು 60.000 ರಿಯಾಲ್

ಆಗಿನ 216ರ ದರದಲ್ಲಿ 12,960 ರೂಪಾಯಿ. ಕೆಂಪು ಗಿಟಾರಿನ ಐದನೇ ಒಂದು ಪಾಲು.

ಇದರಲ್ಲಿ ಯಾವ ರಿಯಾಲ್ ಹೆಚ್ಚು ಕೆಲಸ ಮಾಡಿತು ಎಂದು ಲೆಕ್ಕಿಗನಾಗಿ ಹೇಳಬೇಕು. ಖರ್ಚೇ ಇಲ್ಲದ ಕೆಲಸ ಮೊದಲನೆಯದು: ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿನಷ್ಟು ಮಾತ್ರ ತಿರುಗಿಸಿ ಕತ್ತು ನೇರ ಮಾಡುವುದು, 17ನೇ ಫ್ರೆಟ್‌ನಲ್ಲಿ ತಂತಿಯ ಎತ್ತರವನ್ನು 1.6 ಮಿಲಿಮೀಟರ್ ಆಸುಪಾಸಿಗೆ ತರುವುದು, 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ತೆರೆದ ತಂತಿಯ ಮೇಲಿನ ಷಡ್ಜಕ್ಕೆ ಸರಿಹೊಂದುವಂತೆ ಸ್ಯಾಡಲ್ ಸರಿಸುವುದು. ಆಮೇಲೆ ಹೊಸ ತಂತಿ, ಸರಿಯಾದ ನಟ್. ಆಮೇಲೆ ಸ್ವಿಚ್ಚು, ಟೇಪು. ಪಿಕಪ್ ಕೊನೆಗೆ. ಆ 12 ರಿಯಾಲ್ ತಂದ ವ್ಯತ್ಯಾಸ ತೀರಾ ಸಣ್ಣದು; ಅದೇ ದುಡ್ಡನ್ನು ಒಳ್ಳೆಯ ಆಂಪ್ಲಿಫೈಯರ್‌ಗೆ ಎತ್ತಿಟ್ಟಿದ್ದರೆ ಜಾಣತನ. ತೆಗೆದ ಹಳೆಯ ಭಾಗಗಳನ್ನು ಎಸೆಯಬೇಡಿ. ಬದಲಾವಣೆಗೆ ಹಾಕಿದ ಹಣ ಮಾರುವಾಗ ವಾಪಸ್ ಬರುವುದಿಲ್ಲ, ಮೂಲ ಭಾಗಗಳಿದ್ದರೆ ಕೊಳ್ಳುವವರು ಸಿಗುತ್ತಾರೆ.

ವಾದ್ಯವನ್ನು ಬಿಚ್ಚುವುದು ಅಪಚಾರ ಎನ್ನುವವರಿದ್ದಾರೆ. ನಮ್ಮ ಕದ್ರಿ ಗೋಪಾಲನಾಥರು ಬ್ಯಾಂಡಿನ ಸ್ಯಾಕ್ಸೋಫೋನನ್ನು ಗಮಕಕ್ಕೆ ಒಗ್ಗುವಂತೆ ತಿದ್ದಿಕೊಂಡದ್ದನ್ನು ಅವರಿಗೆ ನೆನಪಿಸುತ್ತೇನೆ. ಕ್ವೀನ್ ತಂಡದ ಬ್ರಯಾನ್ ಮೇ ಹದಿಹರೆಯದಲ್ಲಿ ಫೆಂಡರ್ ಕೊಳ್ಳಲು ದುಡ್ಡಿಲ್ಲದೆ, 1963ರಲ್ಲಿ ತಂದೆಯ ಜೊತೆ ಕೂತು ಹಳೆಯ ಬೆಂಕಿಗೂಡಿನ ಮರದಿಂದ ಗಿಟಾರಿನ ಕತ್ತು ಕೆತ್ತಿದ. ಮೋಟರ್ ಸೈಕಲ್ಲಿನ ಸ್ಪ್ರಿಂಗು, ಅಮ್ಮನ ಹೆಣಿಗೆ ಕಡ್ಡಿ, ಅಂಗಿ ಗುಂಡಿ ಎಲ್ಲವೂ ಅದರಲ್ಲಿವೆ. ಲೋಕವಿಖ್ಯಾತನಾದ ಮೇಲೂ ಅವನ ಮುಖ್ಯ ಗಿಟಾರ್ ಅದೇ. ಅವನ ಜೊತೆ ಹಾಡಿದ ಫ್ರೆಡ್ಡಿ ಮರ್ಕ್ಯುರಿ ಹುಟ್ಟಿದ್ದು ಒಮಾನಿ ಮೂಲದ ಸುಲ್ತಾನರು ಆಳುತ್ತಿದ್ದ ಜಂಜಿಬಾರ್‌ನಲ್ಲಿ.

ನಾಲ್ಕು ಸ್ಕ್ರೂ

ಡಿಸೆಂಬರ್‌ನಲ್ಲಿ ರಜೆ ಸಿಕ್ಕಿತು. ಬಾಕಿಯಲ್ಲಿ ಎರಡು ತಿಂಗಳ ಸಂಬಳವೂ ಬಂತು. ಗಿಟಾರನ್ನು ವಿಮಾನದಲ್ಲಿ ಒಯ್ಯುವುದು ಹೇಗೆ ಎಂಬ ಚಿಂತೆಗೆ ಲಿಯೊ ಫೆಂಡರ್ ಎಪ್ಪತ್ತು ವರ್ಷ ಹಿಂದೆಯೇ ಉತ್ತರ ಬರೆದಿಟ್ಟಿದ್ದರು. ತಂತಿ ತೆಗೆದೆ, ನಾಲ್ಕು ಸ್ಕ್ರೂ ಬಿಚ್ಚಿದೆ, ಕತ್ತು ಬೇರೆ ಒಡಲು ಬೇರೆಯಾಯಿತು. ಒಡಲನ್ನು ಎರಡು ಟವೆಲ್‌ನಲ್ಲಿ, ಕತ್ತನ್ನು ನನ್ನ ಪ್ಯಾಂಟುಗಳ ನಡುವೆ ಸುತ್ತಿ, ಖರ್ಜೂರ ಮತ್ತು ಸೀಬ್ ಪೇಟೆಯ ಹಲ್ವದ ಡಬ್ಬಿಗಳ ಜೊತೆ ದೊಡ್ಡ ಸೂಟ್‌ಕೇಸ್‌ನಲ್ಲಿಟ್ಟೆ. ಸ್ಕ್ರೂಗಳನ್ನು ಚಿಕ್ಕ ಚೀಲಕ್ಕೆ ಹಾಕಿ ಕತ್ತಿಗೇ ಅಂಟಿಸಿದೆ.

ಉಡುಪಿಯ ಮನೆಯಲ್ಲಿ ಮಗ ಅದನ್ನು ನೆಲದ ಮೇಲೆ ಹರಡಿಕೊಂಡು ಕೂತ. ಈ ಸಲ ಅವನ ಕೈ, ನನ್ನ ಕಣ್ಣು. ಅರ್ಧ ಗಂಟೆಯಲ್ಲಿ ಜೋಡಿಸಿದ. ಕರಾವಳಿಯ ತೇವಕ್ಕೆ ಮರ ಮತ್ತೆ ಸ್ವಲ್ಪ ಉಬ್ಬುತ್ತದೆ, ವಾರದ ಮೇಲೆ ಟ್ರಸ್ ರಾಡ್ ಮತ್ತೊಮ್ಮೆ ನೋಡಬೇಕು ಎಂದ. ನುಡಿಸಿದ. ಇನ್ನೂ ಕಲಿಯುವವನ ಕೈ, ಅಲ್ಲಲ್ಲಿ ತಪ್ಪಿತು. ಅವನ ಅಜ್ಜಿ ಒಳಗಿನಿಂದ ‘ಅದು ಯಾವ ಯಂತ್ರದ ಸದ್ದು ಮಾರಾಯ?’ ಎಂದು ಕೇಳಿದರು.

ಈಗ ಅವನು ಗೆಳೆಯರ ಗಿಟಾರುಗಳಿಗೂ ತಂತಿ ಹಾಕಿ, ಎತ್ತರ ಸರಿಮಾಡಿಕೊಡುತ್ತಾನೆ. ನನ್ನ ಕೈಗೆ ಅಲ್ ಹೈಲ್‌ನಲ್ಲಿ ಸಿಕ್ಕಿದ ಇನ್ನೊಂದು ಹಳೆಯ ಗಿಟಾರ್ ಬಂದಿದೆ. ಅದು ಗದಗದ ಗೆಳೆಯರ ಮಗಳಿಗೆ. ಬೆಸುಗೆ ಅವರದು, ಸಲಹೆ ಉಡುಪಿಯಿಂದ, ನಟ್ಟಿನ ಅರ ಮಾತ್ರ ನನ್ನ ಕೈಗೆ ಕೊಡುವುದಿಲ್ಲ. ಕಂಪನಿಯಲ್ಲಿ ಇನ್ನೂ ಒಂದು ತಿಂಗಳ ಸಂಬಳ ಬಾಕಿ ಇದೆ. ಮನೆಯಲ್ಲಿ ಎಲ್ಲರಿಗೂ ಗೊತ್ತು.

ಕಳೆದ ಶುಕ್ರವಾರ ಮಗ ಒಂದು ಆಂಪ್ಲಿಫೈಯರ್‌ನ ಫೋಟೊ ಕಳಿಸಿದ. ‘ನೋಡೋಣ’ ಎಂದು ಬರೆದೆ.

‘ನೋಡೋಣ ಅಂದ್ರೆ ಹಳೆಯದು ಹುಡುಕೋಣ ಅಂತ ಅಲ್ವಾ ಅಪ್ಪ?’ ಎಂದು ಉತ್ತರ ಬಂತು.